ಹಿಟ್ಟು ಹೋಟೆಲಿಗೆ ಬಂದ ದಾರಿ



ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ಕೋಲಾರದ ಕಡೆ, ತುಮಕೂರು, ಹಾಸನದ ದಾರಿಗಳಲ್ಲಿ ಮಧ್ಯಾಹ್ನ ಹನ್ನೆರಡು ಹನ್ನೆರಡೂವರೆಯ ಹೊತ್ತಿಗೆ ಹೋಟೆಲುಗಳ ಮುಂದೆ ಒಂದು ಬೋರ್ಡು ಬಂದು ನಿಲ್ಲುತ್ತದೆ. ಕೆಲವು ಕಡೆ ಪೇಂಟಿನಲ್ಲಿ ಬರೆಸಿದ್ದು, ಕೆಲವು ಕಡೆ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು. ಮುದ್ದೆ ಊಟ ಸಿದ್ಧವಿದೆ. ಕೆಳಗೆ ಸಾರಿನ ಹೆಸರು: ಬಸ್ಸಾರು, ಮಸ್ಸೊಪ್ಪು, ಅವರೆಕಾಳು, ಇಲ್ಲವೇ ನಾಟಿಕೋಳಿ. ಬೆಂಗಳೂರಿನ ಒಳಗೂ ಈಗ ಈ ಬೋರ್ಡಿಲ್ಲದ ಬಡಾವಣೆ ಅಪರೂಪ. ಇಷ್ಟು ಸಲೀಸಾಗಿ ಕಣ್ಣಿಗೆ ಬೀಳುವುದರಿಂದ ಇದು ಯಾವಾಗಲೂ ಹೀಗೆಯೇ ಇತ್ತೆಂದು ನಾವು ತಿಳಿಯುತ್ತೇವೆ. ಹಾಗಿರಲಿಲ್ಲ. ಹಳೆ ಮೈಸೂರು ಸೀಮೆಯ ಬಹುಪಾಲು ಜನ ದಿನಕ್ಕೆ ಎರಡು ಹೊತ್ತು ಉಣ್ಣುತ್ತಿದ್ದ ಊಟಕ್ಕೆ ಅದೇ ಸೀಮೆಯ ರಾಜಧಾನಿಯ ಹೆಸರಾಂತ ಹೋಟೆಲುಗಳಲ್ಲಿ ದಶಕಗಳ ಕಾಲ ಜಾಗವಿರಲಿಲ್ಲ. ಅದು ಯಾಕೆ ಹೊರಗಿತ್ತು, ಅದನ್ನು ಒಳಗೆ ಕರೆತಂದವರು ಯಾರು ಎಂಬುದು ಈ ಭಾಷಣದ ವಿಷಯ. ಮುದ್ದೆಗೆ ಹೋಟೆಲಿನಲ್ಲಿ ಮರ್ಯಾದೆ ಸಿಕ್ಕಿದ್ದು ಈಚಿನ ಸಿರಿಧಾನ್ಯದ ಪ್ರಚಾರದಿಂದ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಪೇಟೆಯ ಗಲ್ಲಿಗಳಲ್ಲಿ ಮಾಂಸದೂಟ ಬಡಿಸುತ್ತಿದ್ದ ಮಿಲಿಟರಿ ಹೋಟೆಲುಗಳು ಮತ್ತು ಅಲ್ಲಿ ಉಣ್ಣಲು ಬಂದ ದುಡಿಯುವ ಜನ ಆ ಕೆಲಸವನ್ನು ಬಹಳ ಮೊದಲೇ ಮಾಡಿದ್ದರು.

ಮೊದಲು ಮಾತಿನ ಸಾಕ್ಷ್ಯ ನೋಡೋಣ. ಮಂಡ್ಯ, ರಾಮನಗರ, ತುಮಕೂರಿನ ಹಳ್ಳಿಗಳಲ್ಲಿ ಮುದ್ದೆಗೆ ಇರುವ ಹೆಸರು ಹಿಟ್ಟು. ಹಿಟ್ಟು ಉಂಡಾಯಿತೇ ಎಂದರೆ ಊಟವಾಯಿತೇ ಎಂದರ್ಥ. ಅಲ್ಲಿ ಮುದ್ದೆ ಒಂದು ತಿನಿಸಿನ ಹೆಸರಾಗಿ ಉಳಿಯದೆ ಊಟದ ಹೆಸರೇ ಆಗಿಬಿಟ್ಟಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯಲ್ಲಿ ಹಿಟ್ಟು ಅಂದರೆ ಬದುಕಿಗೆ ಬೇಕಾದ ಮೊದಲ ವಸ್ತು. ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ ಎಂಬುದು ಇನ್ನೊಂದು. ಅನ್ನವನ್ನು ಈ ಸೀಮೆಯ ಒಣಭೂಮಿಯ ಹಳ್ಳಿಗಳು ಹಬ್ಬಕ್ಕೆ, ನೆಂಟರಿಗೆ, ಮಗುವಿಗೆ, ಕಾಯಿಲೆಯವರಿಗೆ ಎಂದು ಎತ್ತಿಡುತ್ತಿದ್ದವು. ದಿನದ ದುಡಿಮೆಗೆ ಆಧಾರವಾಗಿದ್ದುದು ಹಿಟ್ಟೇ. ಬೆಳಿಗ್ಗೆ ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋದವರು ಮಧ್ಯಾಹ್ನ ಬಿಸಿ ಮುದ್ದೆ ಉಣ್ಣುತ್ತಿದ್ದರು. ಒಂದು ಸೀಮೆಯ ಜನ ಊಟಕ್ಕೆ ಸಮಾನಪದವೆಂದು ಬಳಸುವ ವಸ್ತುವೇ ಆ ಸೀಮೆಯ ಊಟದ ಹೋಟೆಲಿನಲ್ಲಿ ಸಿಗುವುದಿಲ್ಲವೆಂದರೆ ಅದಕ್ಕೆ ಕಾರಣ ಬರಿಯ ಅಡುಗೆಯಲ್ಲಿ ಇರಲಾರದು.

ಈ ಹಿಟ್ಟಿನ ಮೂಲವಾದ ರಾಗಿ ಈ ನೆಲಕ್ಕೆ ಹೊರಗಿನಿಂದ ಬಂದ ಬೆಳೆ. ಅದರ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ, ಇಂದಿನ ಇಥಿಯೋಪಿಯ, ಉಗಾಂಡಗಳ ಕಡೆ. ಆದರೆ ಅದು ಇಲ್ಲಿ ನೆಲೆಯೂರಿದ ಬಗೆ ನೋಡಿದರೆ ಹೊರಗಿನದೆಂದು ಯಾರೂ ಹೇಳಲಾರರು. ಕೂರಿಗೆಯಲ್ಲಿ ಬಿತ್ತಿದ ರಾಗಿಯ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಅಂದರೆ ಮುದ್ದೆಯೂ ಅದರ ಜೊತೆಯ ಸಾರೂ ಒಂದೇ ಹೊಲದಿಂದ ಬರುತ್ತಿದ್ದವು. ಮಳೆ ಕಡಿಮೆಯಾದರೂ ಕೈಬಿಡದ ಬೆಳೆ, ಹುಳ ಹಿಡಿಯದ ಕಾಳು. ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರ ಬಂದ ವರ್ಷ ಹಗೇವು ತೆಗೆದ ಮನೆ ಊರಿಗೇ ಅನ್ನದಾತ. ಈ ಗುಣವನ್ನೇ ಹಿಡಿದು 16ನೆಯ ಶತಮಾನದಲ್ಲಿ ಕನಕದಾಸರು ರಾಮಧಾನ್ಯ ಚರಿತ್ರೆ ಬರೆದರು. ರಾಗಿಗೂ ಅಕ್ಕಿಗೂ ಯಾರು ಮೇಲೆಂದು ಜಗಳವಾಗುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೆರೆಯಿಂದ ಹೊರಬರುವಾಗ ಅಕ್ಕಿ ಕಂಗೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಆ ಕಾವ್ಯದ ಜಗಳ ಬರಿಯ ಎರಡು ಧಾನ್ಯಗಳದ್ದಲ್ಲ, ಆ ಧಾನ್ಯಗಳನ್ನು ಉಣ್ಣುವ ಜನರ ನಡುವಿನದೂ ಹೌದೆಂದು ಓದಿದ ಯಾರಿಗೂ ಹೊಳೆಯುತ್ತದೆ. ರಾಗಿಯನ್ನು ಕೀಳೆಂದು ನೋಡುವ ಕಣ್ಣು ಆಗಲೇ ಇತ್ತು ಎಂಬುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಕನಕದಾಸರಾದ ಎಷ್ಟೋ ಕಾಲದ ಮೇಲೆ, ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಸಂಪುಟಗಳು ಬೆಂಗಳೂರಿನ ಸುತ್ತಿನ ಒಣಬೇಸಾಯದಲ್ಲಿ ರಾಗಿಯೇ ಎಲ್ಲಕ್ಕಿಂತ ಮುಖ್ಯ ಬೆಳೆ, ಸಾಮಾನ್ಯ ಜನರ ಊಟ ಅದೇ ಎಂದು ದಾಖಲಿಸುತ್ತವೆ.

ಇನ್ನು ಹೋಟೆಲಿನ ಕಡೆ ಬರೋಣ. ಮೈಸೂರು ಸೀಮೆಯಲ್ಲಿ ದಾರಿಹೋಕರಿಗೆ ಛತ್ರಗಳಿದ್ದವು, ಮಠಗಳಿದ್ದವು. ಕಾಸು ಕೊಟ್ಟು ಕೂತು ತಿನ್ನುವ ಹೋಟೆಲು ಮಾತ್ರ ಹೆಚ್ಚಾಗಿ 20ನೆಯ ಶತಮಾನದ ಹುಟ್ಟು. ಅದನ್ನು ಕಟ್ಟಿದವರಲ್ಲಿ ದೊಡ್ಡ ಪಾಲು ಉಡುಪಿ, ಕುಂದಾಪುರದ ಕಡೆಯಿಂದ ಬಂದ ಅಡುಗೆಯವರದು. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಈ ಹೋಟೆಲುಗಳು ಬೆಂಗಳೂರಿಗೆ ಕೊಟ್ಟ ರುಚಿಯನ್ನು, ಶುಚಿಯನ್ನು, ದುಡಿಮೆಯ ಶಿಸ್ತನ್ನು ಕಡಿಮೆಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ಗೋಧಿಯ ರವೆಯಿಂದ ಇಡ್ಲಿ ಮಾಡಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸದ ಜಾಣತನ ಎಂಟಿಆರ್‌ನದು. ಆದರೆ ಅದೇ ಘಟನೆ ನಮ್ಮ ವಾದಕ್ಕೂ ಒಂದು ಸಾಕ್ಷ್ಯ. ಅಕ್ಕಿ ಇಲ್ಲವಾದಾಗ ಅಡುಗೆಮನೆ ಬದಲಿಗಾಗಿ ಹುಡುಕಿದ್ದು ಗೋಧಿಯನ್ನು. ಊರಿನ ಸುತ್ತ ನಾಲ್ಕೂ ದಿಕ್ಕಿಗೆ ಬೆಳೆಯುತ್ತಿದ್ದ ರಾಗಿಯಿಂದ ಒಂದು ಹೋಟೆಲ್ ತಿಂಡಿ ಆ ಬಿಕ್ಕಟ್ಟಿನಲ್ಲೂ ಹೆಸರು ಮಾಡಲಿಲ್ಲ.

ಇದಕ್ಕೆ ಕೊಡುವ ಮೊದಲ ಸಮಾಧಾನ ಅಡುಗೆಯ ಕಡೆಯಿಂದ ಬರುತ್ತದೆ. ಮುದ್ದೆ ಬಿಸಿಯಾಗಿಯೇ ಉಣ್ಣಬೇಕು, ಆರಿದರೆ ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ, ತೊಳಸುವುದಕ್ಕೆ ತೋಳಿನ ಬಲ ಬೇಕು, ಆದ್ದರಿಂದ ಹೋಟೆಲಿಗೆ ಒಗ್ಗದು ಎನ್ನುತ್ತಾರೆ. ಈ ಮಾತು ನಿಲ್ಲುವುದಿಲ್ಲ. ದೋಸೆಯೂ ಕಾವಲಿಯಿಂದ ಎದ್ದ ಕ್ಷಣಕ್ಕೇ ತಿನ್ನಬೇಕಾದದ್ದು. ಅದಕ್ಕಾಗಿ ಹೋಟೆಲು ಬೆಳಗಿನಿಂದ ರಾತ್ರಿಯವರೆಗೆ ಒಬ್ಬ ದೋಸೆ ಭಟ್ಟರನ್ನು ಬೆಂಕಿಯ ಮುಂದೆ ನಿಲ್ಲಿಸುತ್ತದೆ, ಒಂದು ಕಾವಲಿಗೆ ಹತ್ತೋ ಹನ್ನೆರಡೋ ದೋಸೆ. ಮುದ್ದೆಯದು ಅದಕ್ಕಿಂತ ಸುಲಭ. ಒಂದು ದೊಡ್ಡ ಪಾತ್ರೆ ಇಳಿಸಿದರೆ ಒಂದು ಪಂಕ್ತಿಗೆ ಸಾಕು. ಸಾರು ಬೆಳಿಗ್ಗೆಯೇ ಕುದಿದು ಕೂತಿರುತ್ತದೆ. ಈ ವಾದದಲ್ಲಿ ಒಪ್ಪತಕ್ಕ ಅಂಶ ಒಂದಿದೆ. ಉಡುಪಿ ಹೋಟೆಲು ಬದುಕಿದ್ದು ತಿಂಡಿ ಕಾಫಿಯ ಮೇಲೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕಕ್ಕೆ, ಕಾಫಿಯ ಜೊತೆಗೆ ಮುದ್ದೆ ಹೊಂದುವುದಿಲ್ಲ, ಅದು ತಿಂಡಿಯೇ ಅಲ್ಲ. ಕರಾವಳಿಯಿಂದ ಬಂದ ಅಡುಗೆಯವರ ತವರು ಕುಚ್ಚಲಕ್ಕಿಯ ನಾಡು, ಅವರ ಮನೆಯಲ್ಲಿ ಮುದ್ದೆ ಕೋಲು ಇರಲಿಲ್ಲ. ಗೊತ್ತಿಲ್ಲದ ಅಡುಗೆಯನ್ನು ಮಾಡಲಿಲ್ಲವೆಂದು ಯಾರನ್ನೂ ದೂರುವಂತಿಲ್ಲ. ಆದರೆ ಅದೇ ಅಡುಗೆಮನೆ ಪೂರಿ ಕಲಿಯಿತು, ಸಾಗು ಕಲಿಯಿತು, ಬೊಂಬಾಯಿಯಿಂದ ಪಾವ್ ಭಾಜಿ, ಗೋಬಿ ಮಂಚೂರಿ, ಉತ್ತರದಿಂದ ಪನೀರ್ ಬಟರ್ ಮಸಾಲ ತರಿಸಿಕೊಂಡಿತು. ದೂರದೂರಿನದನ್ನೆಲ್ಲ ಕಲಿತ ಕೈಗೆ ಅರವತ್ತು ಮೈಲಿಯೊಳಗಿನ ಅಡುಗೆ ಕಲಿಯಲಾಗಲಿಲ್ಲ ಎಂಬುದು ನಂಬುವ ಮಾತಲ್ಲ. ಕೇಳುವವರು ಕೇಳಲಿಲ್ಲ, ಕೇಳಬಹುದಾಗಿದ್ದವರು ಬಾಗಿಲೊಳಗೆ ಬರಲಿಲ್ಲ, ಕಾರಣ ಅಲ್ಲಿದೆ.

ಬಾಗಿಲು ಎಂದೆ. ಆ ಕಾಲದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಜಾಗ ಇರುವುದು ವಾಡಿಕೆಯಾಗಿತ್ತು. ದಲಿತರಿಗೆ ಎಷ್ಟೋ ಕಡೆ ಒಳಗೆ ಪ್ರವೇಶವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಭೇದಭಾವವನ್ನು ನಿಷೇಧಿಸುವಾಗ ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲು ಎಂದು ಹೆಸರೆತ್ತಿ ಹೇಳುತ್ತದೆ. ರಾಷ್ಟ್ರದ ಮೂಲ ಕಾನೂನಿನಲ್ಲಿ ಹೋಟೆಲಿನ ಹೆಸರು ಬರಬೇಕಾದರೆ ಆ ಬಾಗಿಲಲ್ಲಿ ಎಷ್ಟು ಜನ ಹಿಂದಿರುಗಿರಬೇಕು ಎಂದು ಯೋಚಿಸಿ ನೋಡಿ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು, ಹೋಟೆಲಿನಲ್ಲಿ ಒಬ್ಬನನ್ನು ಜಾತಿಯ ಕಾರಣಕ್ಕೆ ತಡೆಯುವುದು ಶಿಕ್ಷೆಗೆ ಒಳಗಾಗುವ ಅಪರಾಧವಾಯಿತು. ಹೋಟೆಲಿನ ತಿಂಡಿಪಟ್ಟಿ ಅಂದರೆ ಆ ಹೋಟೆಲು ಯಾರನ್ನು ತನ್ನ ಗಿರಾಕಿಯೆಂದು ತಿಳಿದಿದೆ ಎಂಬುದರ ಪಟ್ಟಿ. ಹೊಲದಲ್ಲಿ ದುಡಿಯುವವರು, ಹಮಾಲಿಗಳು, ಗಾಡಿ ಹೊಡೆಯುವವರು ಆ ಪಟ್ಟಿ ಬರೆದವರ ಕಣ್ಣೆದುರು ಇರಲಿಲ್ಲ. ಅವರ ಊಟವೂ ಪಟ್ಟಿಯಲ್ಲಿ ಇರಲಿಲ್ಲ.

ಹಾಗಾದರೆ ಅವರು ಎಲ್ಲಿ ಉಣ್ಣುತ್ತಿದ್ದರು? 1884ರಲ್ಲಿ ಸ್ಥಾಪನೆಯಾದ, ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಬಟ್ಟೆ ಗಿರಣಿ, ಅದರ ಹಿಂದೆಯೇ ಬಂದ ಇತರ ಗಿರಣಿಗಳು, 1905ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, 1940ರಲ್ಲಿ ಎಚ್ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್ಎಂಟಿ. ಒಂದೊಂದೂ ಬೆಂಗಳೂರಿಗೆ ಸುತ್ತಲ ಹಳ್ಳಿಗಳಿಂದ ದುಡಿಯುವ ಕೈಗಳನ್ನು ಕರೆತಂದವು. ಬಂದವರಲ್ಲಿ ಬಹಳ ಮಂದಿ ಒಂಟಿ ಗಂಡಸರು. ಬಾಡಿಗೆ ಕೋಣೆಯಲ್ಲಿ ಒಲೆಯಿಲ್ಲ, ಮುದ್ದೆ ತೊಳಸಿಕೊಡುವ ತಾಯಿಯಿಲ್ಲ. ಅವರಿಗಾಗಿ ಕಾಟನ್‌ಪೇಟೆ, ಬಿನ್ನಿಪೇಟೆ, ಕಲಾಸಿಪಾಳ್ಯ, ಮಾರುಕಟ್ಟೆಯ ಸುತ್ತಿನ ಗಲ್ಲಿಗಳಲ್ಲಿ ಮಿಲಿಟರಿ ಹೋಟೆಲುಗಳು ಬೆಳೆದವು. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲು ತನ್ನ ಹುಟ್ಟನ್ನು 1908ಕ್ಕೆ ಒಯ್ಯುತ್ತದೆ, ಅಂದರೆ ಎಂಟಿಆರ್‌ಗಿಂತ ಹದಿನಾರು ವರ್ಷ ಹಿಂದೆ. ಮಿಲಿಟರಿ ಎಂಬ ಹೆಸರಿನ ಬಗ್ಗೆ ಎರಡು ವಿವರಣೆಗಳಿವೆ. ಒಂದು, ಶಿವಾಜಿಯ ತಂದೆ ಷಹಾಜಿಯ ಕಾಲದಿಂದ ಇಲ್ಲಿ ನೆಲೆಸಿದ ಮರಾಠಾ ಸೈನಿಕ ಕುಟುಂಬಗಳು ಈ ಹೋಟೆಲುಗಳನ್ನು ನಡೆಸಿದ್ದರಿಂದ ಬಂದದ್ದೆಂದು. ಇನ್ನೊಂದು, 1809ರಲ್ಲಿ ಶುರುವಾದ ದಂಡಿನ ಪ್ರದೇಶದ ಸಿಪಾಯಿಗಳಿಗೆ, ಮಹಾಯುದ್ಧಗಳ ಕಾಲದಲ್ಲಿ ತುಂಬಿದ ಸೈನಿಕರಿಗೆ ಮಾಂಸದೂಟ ಬಡಿಸಿದ್ದರಿಂದ ಬಂದದ್ದೆಂದು. ಮಾಲೀಕರ ಮನೆತನ ಮತ್ತು ಹೋಟೆಲುಗಳಿಗಿರುವ ಶಿವಾಜಿಯ ಹೆಸರು ಮೊದಲನೆಯದಕ್ಕೆ ಒತ್ತು ಕೊಡುತ್ತವೆ ಎಂದು ನನ್ನ ಅನಿಸಿಕೆ. ಹೆಸರು ಹೇಗೇ ಬಂದಿರಲಿ, ಅದು ಮಾಡಿದ ಕೆಲಸ ಒಂದೇ. ಇದು ಬ್ರಾಹ್ಮಣರ ಹೋಟೆಲಲ್ಲ, ಇಲ್ಲಿ ಮಾಂಸ ಬೇಯುತ್ತದೆ ಎಂದು ರಸ್ತೆಯಲ್ಲಿ ಹೋಗುವವರಿಗೆ ತಿಳಿಸುವುದು. ಮಾಂಸದ ಸಾರಿಗೆ ಅನ್ನದ ಜೊತೆ ಮುದ್ದೆಯೂ ಬಂತು. ತಲೆಮಾಂಸ, ಕಾಲು ಸೂಪು, ಬೋಟಿ ಗೊಜ್ಜು, ಕೈಮ ಉಂಡೆಯ ಸಾರು, ಇವುಗಳಿಗೆ ಹೊಂದುವ ಜೊತೆ ಮುದ್ದೆಯೇ ಎಂದು ಉಣ್ಣುವವರಿಗೆ ಗೊತ್ತಿತ್ತು. ಗೊತ್ತಿದ್ದವರು ಕೇಳಿದರು, ಕೇಳಿದ್ದನ್ನು ಹೋಟೆಲು ಬಡಿಸಿತು.

ಅಂಥ ಅಡುಗೆಮನೆಯಲ್ಲಿ ಹನ್ನೆರಡು ಗಂಟೆಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯುತ್ತಿರುತ್ತದೆ. ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಬಿಡುತ್ತಾರೆ, ಎಸರು ತೆಳ್ಳನೆಯ ಅಂಬಲಿಯ ಹದಕ್ಕೆ ಬರುತ್ತದೆ. ಅದು ಉಕ್ಕಿ ಬರುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುತ್ತಾರೆ. ಕೂಡಲೇ ತಿರುವುವುದಿಲ್ಲ, ಇದು ಕೈ ಪಳಗಿದವರ ಗುಟ್ಟು. ಗುಡ್ಡೆಯ ಸುತ್ತ ಎಸರು ಕುದಿದು, ಹಬೆ ಹಿಟ್ಟಿನೊಳಗೆ ಏರಿ, ಒಳಗಿನ ಹಸಿ ಹೋಗುವವರೆಗೆ ಕಾಯುತ್ತಾರೆ. ಆಮೇಲೆ ಪಾತ್ರೆ ಇಳಿಸಿ, ಅದು ಅಲುಗದಂತೆ ಕವೆಗೋಲಿನಿಂದಲೋ ಕಾಲಿನಿಂದಲೋ ಒತ್ತಿಹಿಡಿದು ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸುತ್ತಾರೆ. ಕೋಲು ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ತಿರುಗುತ್ತ ಒಂದು ಗಂಟೂ ಉಳಿಯದಂತೆ ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒಡೆಯುತ್ತದೆ. ಬಣ್ಣ ಬೂದಿಯಿಂದ ಕಗ್ಗಂದಿಗೆ ತಿರುಗಿ ಮೇಲೆ ಮಿನುಗು ಬರುತ್ತದೆ. ಒದ್ದೆ ಹಲಗೆಯ ಮೇಲೆ ಒಂದೊಂದೇ ಪಾಲು ಹಾಕಿ, ಕೈ ನೀರಿಗದ್ದಿ, ಸುಡುವ ಹಿಟ್ಟನ್ನು ಎರಡು ಸುತ್ತಿನಲ್ಲಿ ಗುಂಡಗೆ ಮಾಡಿ ಎಸೆಯುವ ಕೈಗೆ ತೂಕದ ಕಲ್ಲು ಬೇಕಾಗುವುದಿಲ್ಲ. ಎಲೆಯ ಮೇಲೆ ಬಿದ್ದ ಮುದ್ದೆಯ ನೆತ್ತಿಗೆ ಬೆರಳಿಂದ ಕುಳಿ ಮಾಡಿ ತುಪ್ಪ ಬಿಡುತ್ತಾರೆ, ಸುತ್ತ ಸಾರು. ಮುರಿದು, ಉರುಟಾಗಿಸಿ, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಅಗಿದರೆ ಹಲ್ಲಿಗೆ ಅಂಟುತ್ತದೆ, ನುಂಗಿದರೆ ಗಂಟಲಲ್ಲಿ ಸಾರಿನ ಖಾರ ಜಾರಿಕೊಂಡು ಹೋಗುತ್ತದೆ. ಹೊರಗಿನಿಂದ ಬಂದವರಿಗೆ ಇದು ವಿಚಿತ್ರವೆನಿಸಬಹುದು. ಮುದ್ದೆಯ ರುಚಿ ನಾಲಿಗೆಗಿಂತ ಹೊಟ್ಟೆಗೆ ಹತ್ತಿರದ್ದು. ಅದರ ಮನೆಮಾತು ಸಾರು. ಬಸಿದ ಸೊಪ್ಪಿನ ನೀರಿಗೆ ಹುರಿದ ಮಸಾಲೆ ಅರೆದು ಹಾಕಿದ ಬಸ್ಸಾರು, ಮಾಗಿ ಕಾಲದಲ್ಲಿ ಸೊಗಡಿನ ಹಿತಕಿದ ಅವರೆಬೇಳೆ, ಹುರುಳಿ ಕಟ್ಟಿನ ಸಾರು, ಇವೆಲ್ಲ ಮುದ್ದೆಗೋಸ್ಕರ ಹುಟ್ಟಿದ ಅಡುಗೆಗಳು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮುದ್ದೆ ಬಡತನದ ಊಟ, ಅಕ್ಕಿ ಸಿಗದವರ ಊಟ. ಹೋಟೆಲಿಗೆ ಜನ ಬರುವುದು ಮನೆಯಲ್ಲಿ ಇಲ್ಲದ್ದನ್ನು ತಿನ್ನಲು. ಹಾಗಿರುವಾಗ ಹಳ್ಳಿಯಿಂದ ಬಂದವರೂ ಹೋಟೆಲಿನಲ್ಲಿ ದೋಸೆಯನ್ನೇ ಬಯಸಿದ್ದರೆ ತಪ್ಪೇನು? ತಪ್ಪಿಲ್ಲ, ಬಯಸಿದ್ದೂ ನಿಜ. ಸಂತೆಗೆ ಬಂದವರಿಗೆ ಮಸಾಲೆ ದೋಸೆ ಒಂದು ಹಬ್ಬವೇ ಆಗಿತ್ತು. ಆದರೆ ಅನ್ನ ಸಿಕ್ಕಿದ ಕೂಡಲೇ ಜನ ಮುದ್ದೆ ಬಿಟ್ಟರು ಎಂಬುದು ಮಾತ್ರ ಸುಳ್ಳು. ಅದಕ್ಕೆ ಮಂಡ್ಯವೇ ಸಾಕ್ಷಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ 1930ರ ದಶಕದ ಹೊತ್ತಿಗೆ ಮುಗಿದು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, ಒಣಭೂಮಿ ಗದ್ದೆಯಾಯಿತು. ರಾಗಿ ಬೆಳೆಯುತ್ತಿದ್ದ ರೈತ ಭತ್ತ ಬೆಳೆದ, ಕಬ್ಬು ಬೆಳೆದ, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಣಜದಲ್ಲಿ ಭತ್ತ ತುಂಬಿತು. ಆದರೂ ಮಂಡ್ಯದ ಮನೆಗಳಲ್ಲಿ ಮುದ್ದೆ ನಿಲ್ಲಲಿಲ್ಲ, ಇವತ್ತಿಗೂ ನಿಂತಿಲ್ಲ. ಸ್ವಂತ ಗದ್ದೆಯ ಅಕ್ಕಿ ಮನೆಯಲ್ಲಿರುವಾಗಲೂ ರಾಗಿ ಕೊಂಡು ತಂದು ಮುದ್ದೆ ಮಾಡುವ ಜನರ ಊಟವನ್ನು ಅಸಹಾಯಕತೆಯ ಊಟ ಎನ್ನಲಾಗದು. ಅದು ಆಯ್ಕೆ, ಅದು ಇಷ್ಟ. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಅವರ ಮುದ್ದೆ ಊಟ ದೆಹಲಿಯ ಪತ್ರಿಕೆಗಳಿಗೆ ಸುದ್ದಿಯಾಯಿತು. ಸುದ್ದಿಯಾದದ್ದೇ ಸಾಕ್ಷ್ಯ. ಪ್ರಧಾನಿ ಅನ್ನವನ್ನೋ ರೊಟ್ಟಿಯನ್ನೋ ತಿಂದರೆ ಯಾರೂ ಬರೆಯುವುದಿಲ್ಲ.

ಉಣ್ಣುವವರಿದ್ದರೂ ರಾಗಿಯೇ ಉಳಿಯದೆ ಹೋಗಬಹುದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಹಸಿರು ಕ್ರಾಂತಿ ಗೋಧಿಗೆ, ಭತ್ತಕ್ಕೆ ಒಲಿಯಿತು. ಹಣ, ಗೊಬ್ಬರ, ನೀರು ಅತ್ತ ಹರಿದವು. ಆ ಹೊತ್ತಿನಲ್ಲಿ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸುವ ಕೆಲಸದಲ್ಲಿ ಬದುಕು ಸವೆಸಿದರು. ರಾಗಿಯ ಹೂವು ತೀರ ಸಣ್ಣದು, ತನ್ನನ್ನು ತಾನೇ ಪರಾಗಿಸಿಕೊಳ್ಳುವಂಥದು, ಕೈಯಿಂದ ಸಂಕರ ಮಾಡುವುದು ಕಣ್ಣಿಗೂ ತಾಳ್ಮೆಗೂ ಕಠಿಣವಾದ ಕೆಲಸ. ಅವರು ರೂಪಿಸಿದ ತಳಿಗಳಿಗೆ ಇಂಡಿಯ ಮತ್ತು ಆಫ್ರಿಕ ಎರಡನ್ನೂ ಸೇರಿಸಿ ಇಂಡಾಫ್ ಎಂದು ಹೆಸರಿಟ್ಟರು. ಸಾವಿರಾರು ವರ್ಷಗಳ ಹಿಂದೆ ತವರು ಬಿಟ್ಟು ಬಂದ ಕಾಳು ತವರಿನ ನೆಂಟಸ್ತಿಕೆಯಿಂದಲೇ ಇಲ್ಲಿ ಇಳುವರಿ ಹೆಚ್ಚಿಸಿಕೊಂಡಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬೆಂಕಿರೋಗ ತಡೆಯುವ ಜಿಪಿಯು-28ರಂಥ ತಳಿಗಳು ಬಂದವು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇವತ್ತು ಕರ್ನಾಟಕದಲ್ಲೇ ಬೆಳೆಯುತ್ತದೆ ಎಂದರೆ ಅದರ ಹಿಂದೆ ಈ ಶ್ರಮವಿದೆ. ಹೋಟೆಲಿನ ಮುದ್ದೆಯ ಚರಿತ್ರೆ ಬರೆಯುವವರು ಈ ಹೆಸರನ್ನು ಬಿಟ್ಟರೆ ಅದು ಅರ್ಧ ಚರಿತ್ರೆ.

ಈಗ ಸಿರಿಧಾನ್ಯದ ಮಾತು. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲೊಂದು ಪಾಲೂ ಇಲ್ಲ ಎಂಬುದು ಪ್ರಚಾರವಾಯಿತು. ಈ ಪ್ರಚಾರದ ಫಲವನ್ನು ನಾನು ಅಲ್ಲಗಳೆಯುವುದಿಲ್ಲ. ರಾಗಿಯ ಬೆಂಬಲ ಬೆಲೆ 2013-14ರಲ್ಲಿ ಕ್ವಿಂಟಾಲಿಗೆ 1,500 ರೂಪಾಯಿ ಇದ್ದದ್ದು 2024-25ಕ್ಕೆ 4,290 ರೂಪಾಯಿ ಆಯಿತು. ಅದು ರೈತರ ಕೈಗೆ ಬಂದ ನಿಜವಾದ ಲಾಭ. ಆದರೆ ಈ ಪ್ರಚಾರ ಎತ್ತಿಹಿಡಿದದ್ದು ಧಾನ್ಯವನ್ನು. ರಾಗಿ ಬಿಸ್ಕತ್ತು, ರಾಗಿ ಮಾಲ್ಟು, ರಾಗಿ ದೋಸೆ, ರಾಗಿ ಕೇಕು, ಎಲ್ಲವೂ ಬೇರೆಯ ತಿನಿಸಿನ ರೂಪ ತೊಟ್ಟ ರಾಗಿ. ಮುದ್ದೆ ಮುದ್ದೆಯಾಗಿಯೇ ಬಂದದ್ದು ಮಿಲಿಟರಿ ಹೋಟೆಲಿನಲ್ಲಿ, ಹೆದ್ದಾರಿಯ ಗೌಡರ ಹೋಟೆಲಿನಲ್ಲಿ, ಮಂಡ್ಯ ಕಡೆಯವರು ತೆರೆದ ಸಣ್ಣ ಮೆಸ್ಸುಗಳಲ್ಲಿ. ಇನ್ನೊಂದು ಸಾಕ್ಷ್ಯ ಸರ್ಕಾರದ್ದೇ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್‌ಗಳು ಶುರುವಾದವು, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಬಡವರಿಗಾಗಿಯೇ ಮಾಡಿದ ಒಳ್ಳೆಯ ಯೋಜನೆ. ಆದರೂ ಮೊದಲ ಪಟ್ಟಿಯಲ್ಲಿದ್ದುದು ಇಡ್ಲಿ, ಬಾತುಗಳು, ಅನ್ನ ಸಾಂಬಾರು. ಮುದ್ದೆ ಪಟ್ಟಿಗೆ ಸೇರಿದ್ದು ಆಮೇಲಿನ ವರ್ಷಗಳಲ್ಲಿ. ಹೋಟೆಲೂಟ ಎಂದರೆ ಉಡುಪಿ ಹೋಟೆಲಿನ ಊಟ ಎಂಬ ಕಲ್ಪನೆ ನಮ್ಮ ಆಡಳಿತದ ಮನಸ್ಸಿನಲ್ಲೂ ಅಷ್ಟು ಬೇರೂರಿತ್ತು.

ಮಿಲಿಟರಿ ಹೋಟೆಲನ್ನು ಹೊಗಳುವಾಗ ಅದರ ಮಿತಿಯನ್ನು ಮುಚ್ಚಿಡಬಾರದು. ಅದು ಬಹಳ ಕಾಲ ಗಂಡಸರ ಜಾಗವಾಗಿತ್ತು. ಮನೆಯಲ್ಲಿ ದಿನವೂ ಕೋಲು ಹಿಡಿದು ತೊಳಸುವ ಹೆಂಗಸು, ಬೇರೊಬ್ಬರು ತೊಳಸಿದ ಬಿಸಿ ಮುದ್ದೆಯನ್ನು ಕೂತು ಉಣ್ಣುವ ಸುಖವನ್ನು ಅಲ್ಲಿ ಪಡೆಯಲಿಲ್ಲ. ಆ ಸುಖ ಅವಳಿಗೆ ಸಿಗತೊಡಗಿದ್ದು ಈಚೆಗೆ, ಹೆಂಗಸರೇ ನಡೆಸುವ ಮೆಸ್ಸುಗಳು ಬಂದ ಮೇಲೆ, ಮನೆಮಂದಿಯೆಲ್ಲ ಕೂಡಿ ಹೋಗುವ ಮುದ್ದೆ ಹೋಟೆಲುಗಳು ಬಂದ ಮೇಲೆ. ಜಾತಿಯ ವಿಷಯದಲ್ಲೂ ಅಷ್ಟೆ. ಪೇಟೆಯ ಮಿಲಿಟರಿ ಹೋಟೆಲಿನ ಬೆಂಚು ಉಡುಪಿ ಹೋಟೆಲಿನ ಬೇರೆ ಕೋಣೆಗಿಂತ ಉದಾರವಾಗಿತ್ತು, ನಿಜ. ಹಳ್ಳಿಯ ಹೋಟೆಲಿನಲ್ಲಿ, ಮಾಲೀಕ ಯಾವ ಜಾತಿಯವನಾಗಿರಲಿ, ದಲಿತರಿಗೆ ಬೇರೆ ಲೋಟ, ಬೇರೆ ಜಾಗ ಇಡುವ ಕ್ರೌರ್ಯ ಕಾನೂನು ಬಂದ ಮೇಲೂ ಬಹಳ ವರ್ಷ ನಡೆಯಿತು. ಒಂದು ಊಟ ಬೋರ್ಡಿನ ಮೇಲೆ ಬಂದ ಮಾತ್ರಕ್ಕೆ ಅದನ್ನು ಉಣ್ಣುವ ಎಲ್ಲರೂ ಒಂದೇ ಪಂಕ್ತಿಗೆ ಬಂದುಬಿಡುವುದಿಲ್ಲ. ಹಾಗೆಂದು ಬೋರ್ಡಿನ ಬೆಲೆ ಕಡಿಮೆಯಲ್ಲ. ತನ್ನ ಮನೆಯ ಊಟದ ಹೆಸರನ್ನು ನಗರದ ರಸ್ತೆಯಲ್ಲಿ ದೊಡ್ಡ ಅಕ್ಷರದಲ್ಲಿ ಓದಿದ ಹಳ್ಳಿಯ ಹುಡುಗ, ಕಾಲೇಜಿನ ಹಾಸ್ಟೆಲಿನಲ್ಲಿ ಮುದ್ದೆ ತಿನ್ನುವವನೆಂದು ಹೇಳಿಕೊಳ್ಳಲು ಅಳುಕಬೇಕಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಉಡುಪಿ ಹೋಟೆಲುಗಳ ಚರಿತ್ರೆಗೆ ಬೇಕಾದ ಸಾಮಗ್ರಿ ನಮ್ಮಲ್ಲಿ ಧಾರಾಳವಾಗಿದೆ, ಸ್ಥಾಪಕರ ಹೆಸರು, ವರ್ಷ, ಫೋಟೋ, ಪುಸ್ತಕ. ಮಿಲಿಟರಿ ಹೋಟೆಲಿನದು ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿದಿದೆ. ಈ ಭಾಷಣ ಕೇಳುತ್ತಿರುವವರಲ್ಲಿ ಅಂಥ ಹೋಟೆಲು ನಡೆಸಿದ ಮನೆತನದವರಿದ್ದರೆ, ಅಲ್ಲಿ ಕೋಲು ಹಿಡಿದು ದುಡಿದವರಿದ್ದರೆ, ನಿಮ್ಮ ಅಟ್ಟದ ಮೇಲಿನ ಹಳೆಯ ಲೆಕ್ಕದ ಪುಸ್ತಕ, ಪುರಸಭೆಯ ಲೈಸೆನ್ಸು ಕಾಗದ, ದರಪಟ್ಟಿಯ ಹಲಗೆ, ಗಲ್ಲಾಪೆಟ್ಟಿಗೆಯ ಮುಂದೆ ನಿಂತು ತೆಗೆಸಿಕೊಂಡ ಪಟ, ಇವನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಮುದ್ದೆಗೆ ಯಾವ ವರ್ಷ ಎಷ್ಟು ಕಾಸಿತ್ತು, ದಿನಕ್ಕೆ ಎಷ್ಟು ಸೇರು ಹಿಟ್ಟು ಬೇಯುತ್ತಿತ್ತು, ರಾಗಿ ಯಾವ ಊರಿನಿಂದ ಬರುತ್ತಿತ್ತು ಎಂಬುದು ಆ ಕಾಗದಗಳಲ್ಲಿದೆ. ಮನೆಯ ಹಿರಿಯರನ್ನು ಕೂರಿಸಿ ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ, ಫೋನಿನಲ್ಲಾದರೂ ಧ್ವನಿ ಹಿಡಿದಿಡಿ.